ಕತ್ತಲೆ ಕೋಣೆಗೆ ಬೆಳಗಿದ ಆರತಿ

ಧಾರವಾಡದ ಒಂದು ಕಾಲೇಜಿನಲ್ಲಿ ಒಬ್ಬ ಪ್ರೊಫೆಸರ್ ಇದ್ದರು. ಮನಸ್ಸು ಒಳ್ಳೆಯದು... ಆದರೆ ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ!

ಅವರ ಪಿಎಚ್‌ಡಿ ವಿದ್ಯಾರ್ಥಿ ಮಾಲತೇಶ. ಲ್ಯಾಬಿನ ಕತ್ತಲೆ ಕೋಣೆಯಲ್ಲಿ ಜೋಳದ ಸಸಿ ಬೆಳೆಸಿ ಪರೀಕ್ಷಿಸುವುದು ಅವನ ಕೆಲಸ.

ಸಸಿಯ ಜೀವಕೋಶಗಳೊಳಗೆ ಮೈಕ್ರೋಆರ್‌ಎನ್‌ಎ ಎಂಬ ತೀರಾ ಚಿಕ್ಕ ಅಣುಗಳಿರುತ್ತವೆ. ಜೀನ್‌ಗಳಿಗೆ "ಸಾಕು, ಸುಮ್ಮನಿರು" ಎಂದು ಗದರುವ ಮನೆಯ ಅಜ್ಜಿಯರಿದ್ದಂತೆ.

ಸ್ವಲ್ಪ ಬೆಳಕು ಬಿದ್ದರೂ ಸಾಕು... ಯಾರನ್ನು ಗದರಬೇಕು, ಯಾರನ್ನು ಬಿಡಬೇಕು ಎಂಬುದೇ ಬದಲಾಗಿಬಿಡುತ್ತದೆ.

ಹಾಗಾಗಿ ಆ ಕೋಣೆಯಲ್ಲಿ ಸಸಿಗಳಿಗೆ ಅಷ್ಟಾಗಿ ತಟ್ಟದ ಮಂದವಾದ ಹಸಿರು ದೀಪವೊಂದೇ.

ದಸರಾ ರಜೆಯ ನಂತರ ಪರೀಕ್ಷಿಸಿದರೆ... ಕತ್ತಲೆಯ ಸಸಿಗಳಲ್ಲಿ ಬೆಳಕು ಕಂಡ ಗುರುತು! ಇಡೀ ಪ್ರಯೋಗ ಹಾಳು.

ಪ್ರೊಫೆಸರ್ ಎಲ್ಲರ ಮುಂದೆಯೇ ಸಿಡಿದರು.

"ಒಳಗ ಹೋಗಿ ಮೊಬೈಲ್ ಟಾರ್ಚ್ ಹಚ್ಚಿದಿ ಏನಪಾ? ಖರೇ ಹೇಳು!"

"ಇಲ್ರೀ ಸರ್..."

"ಸುಳ್ಳ ಬ್ಯಾರೆ! ನಿನ್ನಂಥವಗ ನಾ ಗೈಡ್ ಆಗಂಗಿಲ್ಲ. ಹೋಗು!"

ಗೈಡ್ ಕೈಬಿಟ್ಟರೆ ಪಿಎಚ್‌ಡಿ ಅಲ್ಲಿಗೇ ಮುಗಿದಂತೆ. ಮಾಲತೇಶ ತಲೆ ತಗ್ಗಿಸಿ ಬ್ಯಾಗ್ ತೆಗೆದುಕೊಂಡ.

ಸಿಟ್ಟಿನಲ್ಲೇ ಪ್ರೊಫೆಸರ್ ಸಸಿಗಳನ್ನು ಎಸೆಯಲು ಹೋದರು. ಹೇಗೂ ಕೆಟ್ಟಿವೆಯಲ್ಲ ಎಂದು ದೊಡ್ಡ ಲೈಟ್ ಹಾಕಿದರು.

ಕಪಾಟಿನ ಮೇಲೆ... ಕುಂಕುಮ! ಪಕ್ಕದಲ್ಲಿ ಬಾಡಿದ ಚೆಂಡುಹೂವು.

ಹಸಿರು ದೀಪದಲ್ಲಿ ಅದು ಬರೀ ಕಪ್ಪು ಕಲೆಯಾಗಿ ಕಂಡಿತ್ತು.

ಆಗ ಅವರಿಗೆ ನೆನಪಾಯಿತು.

ಆಯುಧ ಪೂಜೆಯ ದಿನ ಮಷಿನ್‌ಗಳಿಗೆಲ್ಲ ಪೂಜೆ ಮಾಡಿ, "ಹುಡುಗನ ಸಸಿಗಳಿಗೂ ಒಳ್ಳೆಯದಾಗಲಿ" ಎಂದು ಆರತಿಯೂ ಬೆಳಕೇ ಎಂಬುದನ್ನು ಮರೆತು, ಕರ್ಪೂರ ಹಚ್ಚಿ ಆ ಕೋಣೆಗೆ ಹೋದವರು... ತಾವೇ!

ಓಡಿದರು. ಮಾಲತೇಶ ಗೇಟಿನ ಹೊರಗೆ ಬಸ್ಸಿಗೆ ಕಾಯುತ್ತಿದ್ದ.

"ನಿನಗ ಗೊತ್ತಿತ್ತೇನಪಾ?"

"ಹೂಂ ರೀ. ಮುಂಜಾನೆ ಕಪಾಟ ಮುಟ್ಟಿದಾಗ ಕುಂಕುಮ ಕೈಗೆ ಹತ್ತಿತ್ರಿ. ಲ್ಯಾಬಿನ್ಯಾಗ ಪೂಜಾ ಮಾಡಾವ್ರು ನೀವೊಬ್ರ ಅಲ್ರೀ."

"ಮತ್ತ ಯಾಕ ಹೇಳಲಿಲ್ಲ?"

"ನನಗ ಛಲೋ ಆಗ್ಲಿ ಅಂತ ಬೆಳಗಿದ ಆರತಿ ಅದು ಸರ್... ಎಲ್ಲಾರ ಮುಂದ ಅದನ್ನ ಹೆಂಗ ತಪ್ಪು ಅನ್ಲಿ?"

ಪ್ರೊಫೆಸರ್ ಕಣ್ಣು ತುಂಬಿ ಬಂತು. ನಾಚಿಕೆಯಿಂದ ಅವನ ಮುಖ ನೋಡಲೂ ಆಗಲಿಲ್ಲ.

ಕೈ ಹಿಡಿದು ವಾಪಸ್ ಕರೆತಂದರು. ಅವನನ್ನು ಬೈದ ಜಾಗದಲ್ಲೇ, ಅದೇ ಜನರ ಮುಂದೆ ನಿಂತರು.

"ಇವ ಸುಳ್ಳ ಹೇಳಿಲ್ಲ. ತಪ್ಪು ನಂದು... ಬೀಜಾ ಮತ್ತ ಹಾಕೂಣು. ಈ ಸಲ ಇವನ ಜೋಡಿ ನಾನೂ ದುಡೀತೀನಿ."

ಮಾಲತೇಶ ನಕ್ಕ. ಪ್ರೊಫೆಸರ್‌ಗೆ ಮಾತ್ರ ಆ ದಿನ ನಗು ಬರಲಿಲ್ಲ. ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಲು ಆಗುತ್ತದೆಯೇ...

*ಇನ್ನೊಬ್ಬರ ಕಡೆ ಬೆರಳು ತೋರಿಸುವ ಮುಂಚೆ, ನಮ್ಮ ಕೈಯನ್ನೊಮ್ಮೆ ನೋಡಿಕೊಳ್ಳೋಣ.*

ವಿಚಾರಿಸದೇ ನೀವು ಬೈದವರು ಯಾರಾದರೂ ನೆನಪಾದರಾ...? ಅವರಿಗೆ "ತಪ್ಪಾಯ್ತು" ಅಂದಿರಾ?