ಮೂವರ ಫೋಟೋ

ಹೆಂಗಸಾಗಿ ಈ ಕ್ಯಾಮೆರಾ ಹಿಡಿಯೋ ಕೆಲಸಕ್ಕೆ ಯಾಕೆ ಬಂದೆ ಅಂತ ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ಉತ್ತರ ನನಗೂ ಗೊತ್ತಿರಲಿಲ್ಲ.

ಅವತ್ತು ಸ್ಟುಡಿಯೋಗೆ ಗಂಡ ಹೆಂಡತಿ ಬಂದರು. ಅವಳ ಕಂಕುಳಲ್ಲಿ ಗಂಡುಮಗು. ಹಿಂದೆಯೇ ಬಂದ ಏಳೆಂಟು ವರ್ಷದ ಹುಡುಗಿ, ಯಾರೂ ಹೇಳದೆಯೇ, ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಳು.

ನಾನು ಲೈಟು ಸರಿಮಾಡುತ್ತಿದ್ದಾಗ ಆತ ಕೇಳಿದ: "ಮೇಡಂ, ಮೂರು ಜನ ಫೋಟೋ ತೆಗೆಸಿಕೊಂಡ್ರೆ ಒಳ್ಳೇದಲ್ಲ ಅಂತಾರೆ. ಗೊಂಬೆ ಇದ್ರೆ ಮಗು ಕೈಗೆ ಕೊಡಿ, ಲೆಕ್ಕಕ್ಕೆ ನಾಲ್ಕಾಗುತ್ತೆ."

"ಆ ಹುಡುಗಿ ಯಾರು?"

"ನನ್ನ ಮೊದಲನೇ ಹೆಂಡ್ತಿ ಮಗಳು." ಆತ ಕಾಲರ್ ಸರಿಮಾಡಿಕೊಂಡ. "ಅವಳು ಅಲ್ಲೇ ಇರ್ತಾಳೆ ಬಿಡಿ."

ಲೈಟನ್ನು ಆ ಕಡೆ ಎಳೆದೆ, ಮತ್ತೆ ಈ ಕಡೆ ಎಳೆದೆ. ನಮ್ಮ ಮನೆಯ ಗೋಡೆಯ ಮೇಲೂ ಅಪ್ಪ, ಚಿಕ್ಕಮ್ಮ, ತಮ್ಮ ಇದ್ದ ಇಂಥದೇ ಒಂದು ಫೋಟೋ ಇತ್ತು. ತಮ್ಮನ ಕೈಯಲ್ಲಿದ್ದದ್ದು ನನ್ನ ಗೊಂಬೆ.

"ಗೊಂಬೆ ಇಲ್ಲ. ಅವಳು ನಿಲ್ಲದಿದ್ರೆ ಫೋಟೋನೂ ಇಲ್ಲ," ಅಂದೆ.

ಹೆಂಡತಿ ಮುಖ ಸಿಂಡರಿಸಿದಳು. ಆತ ಅವಳನ್ನೊಮ್ಮೆ ನೋಡಿ, ಕೊನೆಗೆ ಬೆಂಚಿನ ಕಡೆ ತಿರುಗಿ "ಬಾರೇ" ಎಂದ.

ಹುಡುಗಿ ಎದ್ದಳು. ಆದರೆ ಅವರ ಹತ್ತಿರ ಹೋಗಲಿಲ್ಲ. ನೇರ ಕ್ಯಾಮೆರಾ ಹತ್ತಿರ ಬಂದು, ನನಗೆ ಒತ್ತಿಕೊಂಡು ನಿಂತು ಪಿಸುಗುಟ್ಟಿದಳು:

"ಬೇಡ ಆಂಟಿ, ನಾನು ಇಲ್ಲೇ ನಿಲ್ತೀನಿ. ಇಲ್ಲಿ ನಿಂತ್ರೆ ಅಪ್ಪ ನನ್ನ ಕಡೇನೇ ನೋಡ್ತಾರೆ."