ಇಡೀ ಮನೆಗೆ ಒಂದೇ ಬ್ರೇಕರ್

ಬೋರ್ಡಿನ ಕೊನೆಯ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಕೆಳಗಿಳಿಸಿ ಕರೆಂಟು ಕಡಿದದ್ದೇ ತಡ, ಒಳಕೋಣೆಯಿಂದ ಕೀರಲು ಸದ್ದು ಶುರುವಾಯಿತು. ಯಾವ ಸ್ವಿಚ್ಚು ಯಾವ ಕೋಣೆಯದೆಂದು ತೋರಿಸುವ ಚೀಟಿಗಳು ಎಂದೋ ಮಾಸಿಹೋಗಿದ್ದವು. ಇದು ಅಡುಗೆಮನೆಯದಿರಬೇಕು ಎಂದು ಅವನು ಅಂದಾಜಿನ ಮೇಲೆ ಕೈಹಾಕಿದ್ದ. ಅದು ಮನೆಯ ಯಜಮಾನರ ಕೋಣೆಯದು. ಕೂಗುತ್ತಿದ್ದದ್ದು ಅವರ ಉಸಿರಾಟದ ಯಂತ್ರ.

ಅವನು ಗಾಬರಿಯಿಂದ ಯಜಮಾನರ ಹೆಂಡತಿಯ ಕಡೆ ತಿರುಗಿದ. ನಡುಮನೆಯಲ್ಲಿ, ಅವನಿಗೆ ಬೆನ್ನುಹಾಕಿ, ಉರಿಯುತ್ತಲೇ ಇದ್ದ ದೀಪದ ಕೆಳಗೆ ಕೂತು ಆಕೆ ಬಟ್ಟೆ ಹೊಲಿಯುತ್ತಿದ್ದಳು. ಸದ್ದು ಮನೆಯನ್ನೇ ಸೀಳುತ್ತಿತ್ತು. ಆಕೆ ತಲೆ ಎತ್ತಲಿಲ್ಲ. ತನ್ನ ಕೆಲಸವಾಯಿತು, ತಾನಾಯಿತು ಎಂಬಂತೆ ದಾರ ಕತ್ತರಿಸಿ, ಮುಂದಿನ ಅಂಚು ಮಡಚಿದಳು.

ಅವನೇ ಸ್ವಿಚ್ಚು ಮೇಲೆತ್ತಿದ. ಸದ್ದು ನಿಂತಿತು.

ಹಳೆಯ ಬೋರ್ಡು ಕಿತ್ತು ಹೊಸದು ಹಾಕಲು ಅವನನ್ನು ಕಳಿಸಿದ್ದು ಆಕೆಯ ಮೈದುನ. ಹೊಸ ಬೋರ್ಡಿಗೆ ಲೀಕೇಜ್ ಬ್ರೇಕರ್ ಬೇಕು. ಎಲ್ಲಾದರೂ ಕರೆಂಟು ಸೋರಿ ಯಾರಿಗಾದರೂ ತಾಗಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ. ಇಡೀ ಮನೆಗೆ ಸೇರಿ ಒಂದನ್ನೇ ಹಾಕಬಹುದು, ಕೋಣೆಗೊಂದರಂತೆಯೂ ಹಾಕಬಹುದು. ಮೈದುನ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದ: "ಅಣ್ಣನ ಕೋಣೆಗೆ ಬೇರೇನೇ ಹಾಕಿ. ಅತ್ತಿಗೆ ಬೇಡ ಅಂತಾರೆ, ಬಿಡ್ಬೇಡಿ. ಅವರು ಇತ್ತೀಚೆಗೆ ಮೊದಲಿನ ಹಾಗಿಲ್ಲ."

ಆ ಮಾತಿನ ಅರ್ಥ ಈಗ ತಿಳಿಯಿತು ಎಂದುಕೊಂಡು ಅವನು ಆಕೆಯ ಎದುರು ಹೋಗಿ ನಿಂತ.

"ಅಮ್ಮಾ, ಯಜಮಾನರ ಕೋಣೆಗೆ ಬೇರೆ ಬ್ರೇಕರ್ ಹಾಕ್ತೀನಿ."

"ಬೇಡ." ಆಕೆ ಅವನ ಕಣ್ಣು ನೋಡಲಿಲ್ಲ. ನೋಟ ಒಂದಿಷ್ಟು ಕೆಳಗೇ ನಿಂತಿತ್ತು. ಮನಸ್ಸಿನಲ್ಲಿ ಕಳ್ಳತನ ಇದ್ದವರು ಹೀಗೇ ಎಂದು ಅವನ ಲೆಕ್ಕ. "ಎಲ್ಲಕ್ಕೂ ಸೇರಿ ಒಂದೇ ಹಾಕಿ."

"ಹಾಗೆ ಮಾಡಿದ್ರೆ ಅಡುಗೆಮನೇಲಿ ಮಿಕ್ಸಿ ಕೆಟ್ರೂ ಅವರ ಯಂತ್ರ ನಿಲ್ಲುತ್ತೆ."

"ನಿಲ್ಲಲಿ. ಹೋದ್ರೆ ಎಲ್ಲಾ ಒಟ್ಟಿಗೆ ಹೋಗ್ಬೇಕು."

"ಯಂತ್ರದ ಬ್ಯಾಟರಿ ಸ್ವಲ್ಪ ಹೊತ್ತಷ್ಟೇ ಎಳೆಯೋದು. ಆಮೇಲೆ ಅವರ ಗತಿ?"

"ಅದು ನನ್ನ ಜವಾಬ್ದಾರಿ. ನೀವು ಹೇಳಿದಷ್ಟು ಮಾಡಿ."

ಪರರ ಮನೆಯ ಉಸಾಬರಿ ನಮಗೇಕೆ ಎಂಬುದು ಈ ಕಸುಬಿನವರ ಮೊದಲ ಪಾಠ. ನೂರು ಮನೆಗಳ ಗೋಡೆ ಕೊರೆದವನು ನೂರು ಮನೆಗಳ ಜಗಳವನ್ನೂ ಕಂಡಿರುತ್ತಾನೆ, ಕಂಡೂ ಕಾಣದಂತೆ ಇದ್ದುಬಿಡುತ್ತಾನೆ. ಆದರೆ ಇದು ಜಗಳವಲ್ಲ, ಒಂದು ಜೀವದ ಪ್ರಶ್ನೆ. ನಾಳೆ ಆ ಮನುಷ್ಯ ಸತ್ತರೆ ಬೋರ್ಡಿನ ಮೇಲೆ ಇರುವುದು ತನ್ನ ಕೈಗುರುತು. ಅವನಿಗೆ ನಿಜಕ್ಕೂ ಭಯವಾಯಿತು.

ಆಕೆ ಮತ್ತೆ ಬೆನ್ನು ತಿರುಗಿಸಿ ಹೊಲಿಗೆಗೆ ಕೂತಳು. ಅವನಿಗೆ ತಡೆಯಲಾಗಲಿಲ್ಲ.

"ಗಂಡನ್ನ ಸಾಯಿಸ್ಬೇಕು ಅಂತ ಇದ್ದೀರಾ?" ಎಂದು ಹಿಂದಿನಿಂದ ಕೇಳಿಯೇಬಿಟ್ಟ.

ಆಕೆ ಸೂಜಿಗೆ ದಾರ ಪೋಣಿಸಿದಳು. ಕೈ ಒಂದಿಷ್ಟೂ ನಡುಗಲಿಲ್ಲ. ಎಂಥ ಗಟ್ಟಿ ಪಿಂಡ ಎಂದು ಅವನು ದಂಗಾದ.

ಸ್ಕ್ರೂಡ್ರೈವರ್ ಹಿಡಿದೇ ನೇರ ಒಳಕೋಣೆಗೆ ನುಗ್ಗಿದ. ಯಜಮಾನರು ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ದಿಂಬಿಗೆ ಒರಗಿದ್ದರು. ಕೂಗಿ ಕರೆಯುವ ತ್ರಾಣವಿಲ್ಲದ ಮನುಷ್ಯ.

"ಸಾರ್, ಹೇಳೋಕೆ ನಾಲಿಗೆ ಬರ್ತಿಲ್ಲ. ನಿಮ್ಮ ಯಂತ್ರ ಹಾಗೆ ಕಿರುಚಿಕೊಂಡ್ರೂ ಅವರು ಕದಲಲಿಲ್ಲ. ಬೇರೆ ಬ್ರೇಕರೂ ಬೇಡ ಅಂತಾರೆ. ಈಗ್ಲೇ ನಿಮ್ಮ ತಮ್ಮನಿಗೆ ಫೋನ್ ಮಾಡ್ತೀನಿ."

ಯಜಮಾನರು ತಟ್ಟನೆ ಅವನ ಮಣಿಕಟ್ಟು ಹಿಡಿದರು. ಆ ಕೈಯಲ್ಲಿ ಅಷ್ಟು ಬಲ ಉಳಿದಿದೆ ಎಂದು ಅವನು ಎಣಿಸಿರಲಿಲ್ಲ.

"ಬೇಡಪ್ಪ, ನಿಮ್ಮ ದಮ್ಮಯ್ಯ. ಗೊತ್ತಾದ್ರೆ ಅವಳ ಕೈಲಿ ಆಗಲ್ಲ ಅಂತ ನನ್ನನ್ನ ಇಲ್ಲಿಂದ ಸಾಗಿಸಿಬಿಡ್ತಾನೆ. ಅವಳು ಹೇಳಿದ ಹಾಗೇ ಹಾಕಿ."

"ಏನು ಗೊತ್ತಾದ್ರೆ ಸಾರ್?"

ಯಜಮಾನರು ಉಸಿರು ಕೂಡಿಸಿಕೊಂಡರು.

"ಅವಳಿಗೆ ಎರಡೂ ಕಿವಿ ಹೋಗಿಬಿಟ್ಟಿವೆ, ತುಟಿ ನೋಡಿ ಮಾತು ತಿಳ್ಕೊಳ್ತಾಳೆ. ಅವಳ ದೀಪ ಆರಿದ್ರೇನೇ ನನ್ನ ಉಸಿರಿನ ಯಂತ್ರ ನಿಂತದ್ದು ಅವಳಿಗೆ ಗೊತ್ತಾಗೋದು."