ಸೌಟಿನ ಗಡಿಯಾರದ ಏಳು ದಿನ

ನಿಮಿಷದ ಮುಳ್ಳಿನ ಮೇಲೆ ಹಿಟ್ಟು ಅಂಟಿತ್ತು.

ಫೋರ್‌ಮನ್ನರು ಭೂತಗನ್ನಡಿ ಹಿಡಿದು ನೋಡಿದರು. ಅನುಮಾನವೇ ಇಲ್ಲ, ಹೆಬ್ಬೆರಳಿನ ಗುರುತು. ನಿನ್ನೆ ಇರಲಿಲ್ಲ. ಯಾರೋ ಗಡಿಯಾರಕ್ಕೆ ಕೈ ಹಚ್ಚಿದ್ದಾರೆ. ಅದೂ ಇನ್ನೊಂದೇ ದಿನ ಉಳಿದಿರುವಾಗ!

ಕಾರ್ಖಾನೆಯಿಂದ ನಿವೃತ್ತರಾಗಿ ವರ್ಷವಾದರೂ ಎಲ್ಲರಿಗೂ ಅವರು ಫೋರ್‌ಮನ್ನರೇ. ಮೊದಲ ತಿಂಗಳು ಮನೆಯನ್ನೇ ಸುಧಾರಿಸಿದ್ದರು. ಅಡುಗೆಮನೆಯ ಡಬ್ಬಿಗಳಿಗೆಲ್ಲ ನಂಬರು ಹಾಕಿದರು. ಪಾತ್ರೆ ತೊಳೆಯುವ ಕ್ರಮವನ್ನು ಬರೆದು ಗೋಡೆಗೆ ಅಂಟಿಸಿದರು. ಹೆಂಡತಿ ಹಾಲು ಕಾಯಿಸುವಾಗ ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲೇ ನಿಂತರು. ಆಕೆ ಎಷ್ಟು ಮೆಚ್ಚಿದಳೆಂದರೆ, ಹಿತ್ತಲಿನ ಶೆಡ್ಡನ್ನು ತಾನೇ ಗುಡಿಸಿ, ಲೈಟು ಹಾಕಿಸಿ, "ನಿಮ್ಮ ಕೈಗೆ ತಕ್ಕ ಕೆಲಸ ಇಲ್ಲಿ ಮಾಡಿ" ಎಂದಳು. ಚಹಾ ಕೂಡ ಅಲ್ಲಿಗೇ ಬರತೊಡಗಿತು. ಇಂಥ ಹೆಂಡತಿ ಯಾರಿಗುಂಟು ಯಾರಿಗಿಲ್ಲ ಎಂದು ಅವರು ಹಿಗ್ಗಿದ್ದರು.

ಆ ಶೆಡ್ಡಿನಲ್ಲಿ ಹುಟ್ಟಿದ್ದು ಈ ಸೌಟಿನ ಗಡಿಯಾರ. ಮುಖಕ್ಕೆ ದೊಡ್ಡ ಪಾತ್ರೆಯ ಮುಚ್ಚಳ, ನಿಮಿಷದ ಮುಳ್ಳಿಗೆ ಸೌಟು, ಗಂಟೆಯ ಮುಳ್ಳಿಗೆ ಚಮಚ, ಹೊಟ್ಟೆಯೊಳಗೆ ಸೈಕಲ್ ಚೈನು. ನಿಮಿಷಕ್ಕೊಂದು ಉಕ್ಕಿನ ಗುಂಡು ಉರುಳಿ ತಟ್ಟೆಗೆ ಠಣ್ಣೆಂದು ಬೀಳುತ್ತಿತ್ತು. ಇದಕ್ಕೆ ಮೊದಲು ಮಾಡಿದ ಮೂರು ಗಡಿಯಾರಗಳ ಗತಿ ಏನಾಯಿತೆಂಬ ಮಾತು ಬೇಡ. ಊಟಕ್ಕೆ ಕೂತಾಗ ಆ ಮಾತನ್ನು ಎತ್ತಿದವನು ಹೆಂಡತಿಯ ತಮ್ಮ.

"ಇದೂ ಅಷ್ಟೇ ಭಾವ. ಟೈಮ್ ಒಂದು ಬಿಟ್ಟು ಬೇರೆಲ್ಲ ತೋರಿಸುತ್ತೆ" ಎಂದು ನಕ್ಕುಬಿಟ್ಟ.

ಫೋರ್‌ಮನ್ನರಿಗೆ ರೇಗಿತು. "ಏಳು ದಿನ, ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾದ ಟೈಮ್ ತೋರಿಸದೇ ಇದ್ರೆ ಶೆಡ್ಡಿಗೆ ಬೀಗ! ಆಮೇಲೆ ಬೆಳಗಿಂದ ಸಂಜೆವರೆಗೂ ನಿಮ್ಮಕ್ಕನ ಜೊತೆ ಮನೆಕೆಲಸ!"

ತಮ್ಮ ಚಪ್ಪಾಳೆ ತಟ್ಟಿದ. ಬಡಿಸುತ್ತಿದ್ದ ಅಕ್ಕನ ಕೈ ಒಂದು ಕ್ಷಣ ನಿಂತಿತು.

ಆರು ದಿನ ಗಡಿಯಾರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಪರೀಕ್ಷೆಯಲ್ಲಿರುವ ಯಂತ್ರವನ್ನು ಪದೇಪದೇ ಇಣುಕಬಾರದೆಂಬುದು ಕಾರ್ಖಾನೆಯ ಕಟ್ಟಳೆ. ಹಾಗಾಗಿ ಅದಕ್ಕೆ ಬಟ್ಟೆ ಮುಚ್ಚಿಟ್ಟು, ಹನ್ನೆರಡಕ್ಕೆ ಸರಿಯಾಗಿ ತೆಗೆದು, ಫೋನಿನೊಡನೆ ತಾಳೆ ನೋಡುತ್ತಿದ್ದರು. ಎಲ್ಲ ಸುಸೂತ್ರವಾಗಿತ್ತು. ಈಗ ನೋಡಿದರೆ ಈ ಹಿಟ್ಟು.

ಮನೆಯಲ್ಲಿ ಹಿಟ್ಟು ಕಲಸುವ ಕೈ ಒಂದೇ. ಆದರೂ ಕಾರ್ಖಾನೆಯ ಅಭ್ಯಾಸ, ಗುರುತಿನ ಅಗಲವನ್ನು ಅಳೆದು ಬರೆದಿಟ್ಟುಕೊಂಡರು. ತಮ್ಮನನ್ನು ಗೆಲ್ಲಿಸಲು ಗಂಡನ ಗಡಿಯಾರ ಕೆಡಿಸುವುದೆ? ಮೂವತ್ತು ವರ್ಷ ಸಂಸಾರ ಮಾಡಿದವಳು!

ಮರುದಿನ ಹನ್ನೊಂದೂವರೆಗೆ ಎಂದಿನಂತೆ ಸ್ನಾನಕ್ಕೆ ಹೊರಟರು. ಬಚ್ಚಲಲ್ಲಿ ನಲ್ಲಿ ತಿರುಗಿಸಿ, ನೀರು ಸದ್ದು ಮಾಡುತ್ತಿರಲಿ ಎಂದು ಬಿಟ್ಟು, ಟವೆಲ್ಲು ಸುತ್ತಿಕೊಂಡು ಶೆಡ್ಡಿಗೆ ನುಸುಳಿ ಹಲಗೆಗಳ ಹಿಂದೆ ಅಡಗಿದರು. ಎರಡೇ ನಿಮಿಷ. ಹೆಂಡತಿ ಬೆಕ್ಕಿನ ಹೆಜ್ಜೆ ಇಟ್ಟು ಬಂದಳು. ಬಟ್ಟೆ ಸರಿಸಿದಳು. ತನ್ನ ಕೈಗಡಿಯಾರ ನೋಡಿಕೊಂಡು ಸೌಟನ್ನು ಮೆಲ್ಲಗೆ ತಳ್ಳಿದಳು.

"ಸಿಕ್ಕಿಬಿದ್ದೆ! ಹಾಳು ಮಾಡ್ತಿದ್ದೀಯಾ?"

ಆಕೆ ಬೆಚ್ಚಿಬಿದ್ದಳು. ಆಮೇಲೆ ಟವೆಲ್ಲಿನಲ್ಲಿದ್ದ ಗಂಡನನ್ನು ನೋಡಿ ಸುಧಾರಿಸಿಕೊಂಡಳು. "ಹಾಳಲ್ಲ ರೀ, ಸರಿ ಮಾಡ್ತಿದ್ದೀನಿ. ಇದು ದಿನಕ್ಕೆ ಹತ್ತೊಂಬತ್ತು ನಿಮಿಷ ಹಿಂದೆ ಬೀಳುತ್ತೆ."

"ಅಂದ್ರೆ, ಏಳು ದಿನಾನೂ ನೀನೇ...?"

"ಇನ್ಯಾರು ಮಾಡ್ತಾರೆ? ನೀವು ಸೋಲಬಾರದು ಅನ್ನೋದೊಂದೇ ಆಸೆ ನನಗೆ."

ಫೋರ್‌ಮನ್ನರು ಹಣೆ ಚಚ್ಚಿಕೊಂಡರು. ಛೆ, ಏನೆಲ್ಲ ಯೋಚಿಸಿಬಿಟ್ಟೆ! ಒಡಹುಟ್ಟಿದವನನ್ನೂ ಬದಿಗಿಟ್ಟು ಗಂಡನ ಮಾನ ಕಾಪಾಡಿದವಳು ಇವಳು. ಕಣ್ಣೊರೆಸಿಕೊಳ್ಳಲು ಟವೆಲ್ಲಿಗೆ ಕೈ ಹಾಕಿದವರು ಹೊತ್ತಿಗೆ ಸರಿಯಾಗಿ ತಡೆದುಕೊಂಡರು.

ಹನ್ನೆರಡಕ್ಕೆ ಭಾವಮೈದುನ ಬಂದ. ಅಷ್ಟರಲ್ಲಿ ಫೋರ್‌ಮನ್ನರು ಇಸ್ತ್ರಿಯ ಅಂಗಿ ತೊಟ್ಟು ಸಿದ್ಧರಾಗಿದ್ದರು. ಬಟ್ಟೆ ತೆಗೆದರೆ ಸೌಟೂ ಚಮಚವೂ ಒಂದರ ಮೇಲೊಂದು ನೆಟ್ಟಗೆ ನಿಂತಿದ್ದವು.

"ಸೋತೆ ಭಾವ, ಒಪ್ಕೊಂಡೆ" ಎಂದು ಅವನು ಕೈಮುಗಿದ. ಹೆಂಡತಿ ನೆಮ್ಮದಿಯ ಉಸಿರು ಬಿಟ್ಟಳು.

"ಇಲ್ಲ, ಸೋತಿದ್ದು ನಾನು" ಎಂದರು ಫೋರ್‌ಮನ್ನರು. "ದಿನಾ ನಿಮ್ಮಕ್ಕ ಬಂದು ಮುಳ್ಳು ತಳ್ತಿದ್ಲು."

"ರೀ, ಸುಮ್ನಿರಿ! ಗೆದ್ರಲ್ಲ, ಬಿಟ್ಟುಬಿಡಿ!" ಆಕೆ ಅವರ ತೋಳು ಹಿಡಿದೆಳೆದಳು.

"ಬಿಡಲ್ಲ. ಇಷ್ಟು ಪ್ರೀತಿ ಇಟ್ಟವಳ ಮುಂದೆ ಸುಳ್ಳು ಗೆಲುವು ನನಗೆ ಬೇಡ. ಕೊಟ್ಟ ಮಾತು ಕೊಟ್ಟಿದ್ದೇ. ತಗೋ, ನಿನ್ನ ಕೈಯಾರೆ ಈ ಶೆಡ್ಡಿಗೆ ಬೀಗ ಹಾಕು. ಇವತ್ತಿಂದ ಇಡೀ ದಿನ ನಾನು ನಿನ್ನ ಪಕ್ಕದಲ್ಲೇ ಇರ್ತೀನಿ."

ಬೀಗವನ್ನು ಆಕೆಯ ಕೈಗಿಟ್ಟು, ಭಾವಮೈದುನನನ್ನೂ ಕರೆದುಕೊಂಡು, ಅವರು ಎದೆಯುಬ್ಬಿಸಿ ಹೊರಗೆ ಬಂದು ನಿಂತರು.

ಆಕೆ ಬೀಗವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. ಆಮೇಲೆ ಬಾಗಿಲು ಎಳೆದುಕೊಂಡು, ಶೆಡ್ಡಿನ ಒಳಗಿನಿಂದ ಚಿಲಕ ಹಾಕಿಕೊಂಡಳು.